ಮುಚ್ಚಿದ ಕೋಣೆಯಲ್ಲಿ ಬಿಟ್ಟ ಕ್ಯಾಮೆರಾ

ಕ್ಯಾಮೆರಾ ಒಳಗೆ ಮರೆತುಹೋಗಿತ್ತು ಎಂದೇ ಎಲ್ಲರೂ ಹೇಳುವುದು. ಪುತ್ತೂರಿನ ನಮ್ಮ ಸ್ಟುಡಿಯೋದ ಮಾಲಕರು ಹಾಗೆ ಹೇಳುತ್ತಾರೆ. ಇಚಿಲಂಪಾಡಿಯ ಆ ಮನೆಯ ನೆಂಟರಿಷ್ಟರೂ ಹಾಗೆಯೇ ಹೇಳಿಕೊಳ್ಳುತ್ತಾರಂತೆ. ಮೆಕ್ಸಿಕೋದವರಿಗೆ ಹೋದ ಕ್ಷಮಾಪಣೆಯ ಪತ್ರದಲ್ಲೂ ಅದೇ ಇದೆ; ಆ ಪತ್ರ ಬರೆದವನು ನಾನೇ. ಗಡಿಬಿಡಿ, ಮನೆ ತುಂಬ ಜನ, ಅಂಗೈಯಷ್ಟು ಸಣ್ಣ ಕ್ಯಾಮೆರಾ, ಮರೆತುಹೋಯಿತು. ಕೇಳಲಿಕ್ಕೆ ಸರಿಯಾಗಿಯೇ ಇದೆ. ಒಂದೇ ತೊಂದರೆ. ಮರೆತುಹೋದ ಕ್ಯಾಮೆರಾದ ಕೆಂಪು ದೀಪದ ಮೇಲೆ ಕಪ್ಪು ಟೇಪು ಇರುವುದಿಲ್ಲ. ಇದರ ಮೇಲೆ ಇತ್ತು. ಅಂಟಿಸಿದವನು ನಾನು.

ಕೆಲಸ ಬಂದ ದಾರಿ ಹೀಗೆ. ಮೆಕ್ಸಿಕೋದ ಒಂದು ಸಣ್ಣ ಪೇಟೆಯ ಸಂಸ್ಕೃತಿ ಭವನದವರು ತಮ್ಮೂರಿನ ವರ್ಷಾವಧಿ ಹಬ್ಬಗಳ ಕುರಿತು ಕಿರುಚಿತ್ರ ಮಾಡಿದ್ದರು. ಅದರ ಜತೆಗೆ ಬೇರೆ ದೇಶಗಳ ಮೂರು ನಾಲ್ಕು ಊರುಗಳಿಂದ ಅಂಥದ್ದೇ ಹಬ್ಬದ ಚಿತ್ರಗಳನ್ನು ತರಿಸಿ ನವೆಂಬರಿನಲ್ಲಿ ಒಟ್ಟಿಗೆ ತೋರಿಸಬೇಕೆಂದು ಅವರ ಆಸೆ. ಮಂಗಳೂರಿನ ಪರಿಚಯದ ಪ್ರಾಧ್ಯಾಪಕರೊಬ್ಬರ ಮೂಲಕ ಅದು ನಮ್ಮ ಸ್ಟುಡಿಯೋಕ್ಕೆ ಬಂತು. ಸ್ಟುಡಿಯೋ ಎಂದರೆ ಮದುವೆ, ಗೃಹಪ್ರವೇಶಗಳ ವಿಡಿಯೋ ಮಾಡುವ ಎರಡು ಕೋಣೆ. ಮಾಲಕರದು ಕ್ಯಾಮೆರಾ. ಸುಳ್ಯ ಕಡೆಯ ಒಬ್ಬಳದು ಧ್ವನಿ ಮತ್ತು ಸಂಕಲನ. ನನ್ನದು ಬರವಣಿಗೆ, ಜನರೊಡನೆ ಮಾತು, ಒಪ್ಪಿಗೆ ಪತ್ರ, ಉಪಶೀರ್ಷಿಕೆ.

ಮಾದರಿಗೆಂದು ಅವರು ಕಳಿಸಿದ ಚಿತ್ರ ನೋಡಿ ನಾನು ಮರುಳಾಗಿಬಿಟ್ಟೆ. ವರ್ಷಕ್ಕೊಮ್ಮೆ ಊರ ಸಂತನ ಹಬ್ಬ. ಎತ್ತರದ ಗೋಪುರ ಕಟ್ಟಿ ಅದಕ್ಕೆ ಸುಡುಮದ್ದು, ಮುಖವಾಡದ ಕುಣಿತ, ತುತ್ತೂರಿಗಳ ಬ್ಯಾಂಡು. ಅದೆಲ್ಲ ನಮಗೇನೂ ಹೊಸದಲ್ಲ. ನವೆಂಬರಿನ ಮೊದಲ ದಿನಗಳದ್ದು ಬೇರೆ. ಆಗ ಸತ್ತವರು ಮನೆಗೆ ಬರುತ್ತಾರೆ. ಅವರಿಗೆ ದಾರಿ ತಪ್ಪದಂತೆ ರಸ್ತೆಯಿಂದ ಮನೆಯೊಳಗಿನವರೆಗೆ ಚೆಂಡು ಹೂವಿನ, ಅಂದರೆ ನಮ್ಮ ಗೊಂಡೆಯ, ಎಸಳು ಚೆಲ್ಲುತ್ತಾರೆ. ಮೇಜಿನ ಮೇಲೆ ಅವರ ಫೋಟೋ, ಅವರಿಗೆ ಇಷ್ಟವಾಗಿದ್ದ ತಿಂಡಿ, ನೀರು, ಉಪ್ಪು, ಕುಡಿಯುತ್ತಿದ್ದವರಿಗೆ ಕುಡಿಯಲಿಕ್ಕೆ. ಬಾಗಿಲು ಅಗಲಕ್ಕೆ ತೆರೆದಿರುತ್ತದೆ. ನೆರೆಯವರು ಬರುತ್ತಾರೆ, ಪ್ರವಾಸಿಗಳು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಸಮಾಧಿಗಳ ನಡುವೆ ಚಾಪೆ ಹಾಸಿ ಉಣ್ಣುತ್ತಾರೆ, ಹಾಡುತ್ತಾರೆ. ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತವರಿಗೆ ಬಾಗಿಲ ಹೊರಗೆ ಒಂದು ಲೋಟ ನೀರು, ಒಂದು ಮೇಣದಬತ್ತಿ.

ನಮ್ಮಲ್ಲಿ ಇದಕ್ಕೆ ಸಮನಾಗಿ ಮಳೆಗಾಲದ ಆಟಿ ತಿಂಗಳಲ್ಲಿ, ಮತ್ತೆ ದೀಪಾವಳಿಯಲ್ಲಿ, ಹಿರಿಯರಿಗೆ ಬಳಸುವುದು ಇದೆ. ಬಳಸುವುದು ಎಂದರೆ ಬಡಿಸುವುದು. ಸತ್ತ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಳೆಎಲೆ. ಕೋಳಿ ಸಾರು, ಕೆಸುವಿನೆಲೆಯ ಪತ್ರೊಡೆ, ಒಣಮೀನು, ಸೇದುತ್ತಿದ್ದವರಿಗೆ ಬೀಡಿ. ಬಡಿಸಿ ಆದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಸತ್ತವರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯ ಕೆಮ್ಮಿ, ಬಾಗಿಲು ತಟ್ಟಿ, ತೆರೆಯುತ್ತಾನೆ.

ಮೆಕ್ಸಿಕೋದ ಸಂಯೋಜಕಿಗೆ ವಿಡಿಯೋ ಕರೆಯಲ್ಲಿ ಇಷ್ಟನ್ನು ವಿವರಿಸಿದೆ. ನಡುವೆ ದುಭಾಷಿ ಇದ್ದರು. ಆಕೆ ಗಮನವಿಟ್ಟು ಕೇಳಿ ಒಂದೇ ಪ್ರಶ್ನೆ ಹಾಕಿದರು: ಬಾಗಿಲು ಹಾಕಿದ ಮೇಲೆ ಒಳಗೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅದನ್ನು ಯಾರೂ ನೋಡಬಾರದೆಂದೇ ಬಾಗಿಲು ಹಾಕುವುದು, ಎಂದೆ ನಾನು. ಇಂಥ ಉತ್ತರಗಳಿಗೆ ಸಭೆಯಲ್ಲಿ ಚಪ್ಪಾಳೆ ಬಿದ್ದು ನನಗೆ ಅಭ್ಯಾಸ. ಆಕೆ ನಗಲಿಲ್ಲ. ಏನೋ ಬರೆದುಕೊಂಡರು.

ಮನೆ ಹುಡುಕುವುದೇ ದೊಡ್ಡ ಕೆಲಸವಾಯಿತು. ಹತ್ತಿರದ ಸವಣೂರಿನಲ್ಲಿ ಒಪ್ಪಿದ್ದ ಮನೆಯಲ್ಲಿ ಅಷ್ಟರೊಳಗೆ ಒಂದು ಸಾವಾಗಿ ಆ ವರ್ಷ ಅವರಿಗೆ ಏನೂ ಮಾಡುವಂತಿರಲಿಲ್ಲ. ಸುಳ್ಯ ಕಡೆಯ ಒಂದು ಮನೆಯ ಹೆಂಗಸು ನಮ್ಮನ್ನು ಕೂರಿಸಿ, ಚಾ ಕೊಟ್ಟು, ಎಲ್ಲ ಕೇಳಿದ ಮೇಲೆ, “ಇವತ್ತು ಹಿರಿಯರು ಉಣ್ಣುದನ್ನು ಕೇಳ್ತೀರಿ, ನಾಳೆ ನಾವು ಮೀಯುದನ್ನು ಕೇಳ್ಲಿಕ್ಕಿಲ್ವಾ ಮಾರಾಯ್ರೆ” ಎಂದು ಕಳಿಸಿಕೊಟ್ಟರು. ಜುಲೈ ಮುಗಿಯುತ್ತ ಬಂದಿತ್ತು. ಕೊನೆಗೆ ಮಾಲಕರಿಗೆ ಹಳೆಯ ಪರಿಚಯವಿದ್ದ ಇಚಿಲಂಪಾಡಿಯ ಒಬ್ಬ ನಿವೃತ್ತ ಮಾಷ್ಟ್ರು ಒಪ್ಪಿದರು. ರಸ್ತೆ ಬದಿಯಲ್ಲೇ ತಾರಸಿ ಮನೆ, ಹಿಂದೆ ನಾಲ್ಕು ಎಕರೆ ರಬ್ಬರು. ಗಂಡ ಹೆಂಡತಿ ಇಬ್ಬರೇ. ಬಳಸುವ ದಿನ ಮಾತ್ರ ದಾಯಾದಿಗಳು ಸೇರುತ್ತಾರೆ.

ಮಾಷ್ಟ್ರು ಒಂದು ಷರತ್ತು ಹಾಕಿದರು. ಅಲ್ಲಿ ಮಾತು ನಡೆದದ್ದು ಹೆಚ್ಚು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

“ಬಾಗಿಲು ಹಾಕುವವರೆಗೆ ಎಷ್ಟು ಬೇಕಾದ್ರೂ ತೆಗೀರಿ. ಹಾಕಿದ ಮೇಲೆ ಒಳಗೆ ಜನವೂ ಇಲ್ಲ, ಕ್ಯಾಮರವೂ ಇಲ್ಲ.”

“ಜನ ಬೇಡ, ಸರಿ ಮಾಷ್ಟ್ರೇ,” ಎಂದೆ. “ಕ್ಯಾಮೆರಾ ನೋಡುದಿಲ್ಲ ಅಲ್ವಾ, ಬರೆದಿಟ್ಟುಕೊಳ್ಳುದು ಮಾತ್ರ. ನಾವು ನೋಡುದು ಮರುದಿನ. ಅಷ್ಟೊತ್ತಿಗೆ ಹಿರಿಯರು ಉಂಡು ಹೋಗಿ ಆಗಿರ್ತದೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನೀವು ಚರ್ಚಾಸ್ಪರ್ಧೆಯವರಾ?”

“ಹೌದು.”

“ಗೊತ್ತಾಯ್ತು. ನಾನು ಇಪ್ಪತ್ತು ವರ್ಷ ತೀರ್ಪುಗಾರ ಆಗಿ ಕೂತವ. ಹೀಗೆ ಮಾತಾಡುವವರಿಗೆ ಮೊದಲ ಬಹುಮಾನ ಕೊಟ್ಟದ್ದುಂಟು. ಮನೆಯ ಬೀಗದ ಕೈ ಕೊಟ್ಟದ್ದಿಲ್ಲ.”

ಕಾಫಿ ತಂದ ಅವರ ಹೆಂಡತಿ ನಕ್ಕರು. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ನಾವು ಅವರನ್ನು ಅಕ್ಕ ಎಂದು ಕರೆದೆವು. ನಾನೂ ನಕ್ಕೆ, ಒಪ್ಪಿದೆ. ಮಾಷ್ಟ್ರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಪತ್ರ ನಾನೇ ಬರೆದದ್ದು. ‘ಮನೆಯವರೆಲ್ಲರ ಪರವಾಗಿ’ ಎಂದಿತ್ತು; ಸಹಿಗೆ ಒಂದೇ ಗೆರೆ ಬಿಟ್ಟಿದ್ದೆ.

ಪುತ್ತೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಸೋತ ವಾದವನ್ನು ಮತ್ತೆ ಕಟ್ಟುತ್ತಿದ್ದೆ. ಸತ್ತವರು ಬರುವುದಿಲ್ಲ. ಬದುಕಿರುವವರು ಹೊರಗೆ ಇರುತ್ತಾರೆ. ಹಾಗಾದರೆ ಕೋಣೆ ಖಾಲಿ. ಖಾಲಿ ಕೋಣೆಯ ಗುಟ್ಟು ಯಾರದ್ದು? ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದನ್ನು ತೆಗೆಯಲಿಕ್ಕೆ ಯಾರ ಒಪ್ಪಿಗೆಯೂ ಬೇಡ. ಇದರಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ನಾನೇ ಕೇಳಿಕೊಂಡೆ, ಎಲ್ಲಿಯೂ ಕಾಣಲಿಲ್ಲ. ಮೆಕ್ಸಿಕೋದ ಆ ಹೆಂಗಸಿನ ಪ್ರಶ್ನೆಗೆ ಇಪ್ಪತ್ತು ನಿಮಿಷದ ಖಾಲಿ ಕೋಣೆಯನ್ನೇ ಉತ್ತರವಾಗಿ ತೋರಿಸಬೇಕು, ದೀಪ ಉರಿಯುವುದು, ಸಾರಿನ ಹಬೆ ಆರುವುದು, ಅಷ್ಟೇ. ಎಷ್ಟು ಚಂದದ ಉತ್ತರ ಎಂದು ನಾನೇ ಮೆಚ್ಚಿಕೊಂಡೆ.

ಬಳಸುವ ದಿನ ಮಧ್ಯಾಹ್ನವೇ ಹೋದೆವು. ಕೋಣೆಯಲ್ಲಿ ಬಲ್ಬು ಹಾಕುವಂತಿಲ್ಲ, ಎರಡು ಕಾಲುದೀಪ ಮಾತ್ರ. ಲೆನ್ಸನ್ನು ಪೂರ್ತಿ ತೆರೆದರೂ ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಬರುತ್ತಿತ್ತು. ಮಾಲಕರು ಹೊರಗಿನ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಸಂಜೆಯ ಬೆಳಕನ್ನು ಒಳಕ್ಕೆ ಹರಿಸಿದರು. ಧ್ವನಿಯದ್ದು ಇನ್ನೂ ಕಷ್ಟ. ಜಗಲಿಗೆ ಹೊದೆಸಿದ ಶೀಟಿನ ಮೇಲೆ ಮಳೆ ಬಿದ್ದರೆ ಮಾತೇ ಕೇಳಿಸದು. ನಮ್ಮ ಸೌಂಡಿನವಳು ಮಾಷ್ಟ್ರ ಶಾಲಿನ ಒಳಗೆ ಒಂದು ಸಣ್ಣ ಮೈಕು ಸಿಕ್ಕಿಸಿದಳು. ಎರಡು ಸಲ ಕರೆಂಟು ಹೋಯಿತು, ಒಂದು ಬ್ಯಾಟರಿ ಕೈಕೊಟ್ಟಿತು. ಆ ಅವಾಂತರದಲ್ಲಿ ನಾನು ಸಣ್ಣ ಕ್ಯಾಮೆರಾವನ್ನು ಮೂಲೆಯ ಕಪಾಟಿನ ಮೇಲೆ, ಸುತ್ತಿಟ್ಟ ಚಾಪೆಗಳ ಪಕ್ಕ ಇಟ್ಟೆ. ಇಡೀ ಕೋಣೆ ಸಿಗುವ ಕೋನ. ಬಡಿಸುವವರೆಗಿನ ದೃಶ್ಯಕ್ಕೆ ಅದು ಬೇಕು ಎಂದು ಎಲ್ಲರೂ ಒಪ್ಪಿದ್ದೇ. ಕಪ್ಪು ಟೇಪು ಅಂಟಿಸಿದ್ದನ್ನು ಯಾರೂ ನೋಡಲಿಲ್ಲ.

ಏಳು ಎಲೆ ಹಾಕಿದರು. ಮಾಷ್ಟ್ರ ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಾವಂದಿರು, ಎಳೆಯದರಲ್ಲೇ ಹೋದ ಒಬ್ಬ ಅಣ್ಣ. ಏಳನೆಯದು ಹೆಸರು ನೆನಪಿಲ್ಲದವರಿಗೆಲ್ಲ ಸೇರಿ. ಮಾಷ್ಟ್ರು ಹೆಸರು ಹೇಳಿದ ಹಾಗೆ ಅಕ್ಕ ಬಡಿಸುತ್ತ ಹೋದರು. ದಾಖಲೆಗೆ ಸ್ಪಷ್ಟವಿರಲಿ ಎಂದು ನಾನು ಕೇಳಿದೆ, ಇನ್ನು ಯಾರಿಗಾದರೂ ಇದೆಯೇ ಎಂದು. “ಇಲ್ಲ. ಏಳೇ,” ಎಂದರು ಮಾಷ್ಟ್ರು. ಅವರ ಹಿಂದೆ ಅಕ್ಕನ ಸೌಟು ಒಂದು ಕ್ಷಣ ನಿಂತು ಮತ್ತೆ ಮುಂದೆ ಹೋದದ್ದು ದೊಡ್ಡ ಕ್ಯಾಮೆರಾದಲ್ಲೂ ಇದೆ. ಆವತ್ತು ನಮಗೆ ಕಾಣಲಿಲ್ಲ.

ಎಲ್ಲರೂ ಹೊರಡುವಾಗ ಮಾಲಕರು ಕೇಳಿದರು, “ಸಣ್ಣದು ತೆಗೆದ್ಯಾ ಮಾರಾಯ?”

“ತೆಗೆದೆ,” ಎಂದೆ.

ಆವತ್ತು ಸುಳ್ಳು ಹೇಳಿದ್ದು ಈ ಒಂದೇ ಪದದಲ್ಲಿ. ಅದಕ್ಕೆ ಮೊದಲಿನದ್ದೆಲ್ಲ ವಾದ.

ಜಗಲಿಯಲ್ಲಿ ಕುಳಿತೆವು. ದಾಯಾದಿಗಳು ರಬ್ಬರಿನ ಧಾರಣೆಯ ಮಾತಾಡಿದರು. ಹೆಂಗಸರು ಪಕ್ಕದ ಕೋಣೆಯಲ್ಲಿದ್ದರು. ಯಾರು ಎಲ್ಲಿದ್ದಾರೆಂದು ನಾನು ಎಣಿಸಲಿಲ್ಲ. ಬದುಕಿರುವವರು ಹೊರಗೆ ಎಂಬ ನನ್ನ ವಾಕ್ಯವನ್ನು ಪರೀಕ್ಷಿಸಬೇಕೆಂದು ತೋಚಲೇ ಇಲ್ಲ. ಮಾಷ್ಟ್ರು ಎದ್ದು, ಕೆಮ್ಮಿ, ಮೂರು ಸಲ ತಟ್ಟಿ ಬಾಗಿಲು ತೆರೆದರು. ಎಲೆ ತೆಗೆಯುವ ಗಲಾಟೆಯಲ್ಲಿ ನಾನು ಕಪಾಟಿನ ಮೇಲೆ ಕೈಯಾಡಿಸಿ ಕ್ಯಾಮೆರಾವನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಎಲ್ಲರ ಜತೆ ಕುಳಿತು ಉಂಡೆ. ಪತ್ರೊಡೆಯನ್ನು ಅಕ್ಕ ಎರಡನೇ ಸಲ ಕೇಳದೆಯೇ ಬಡಿಸಿದರು.

ಮರುದಿನ ಸ್ಟುಡಿಯೋದಲ್ಲಿ ಒಬ್ಬನೇ ನೋಡಿದೆ. ಬಾಗಿಲು ಹಾಕಿದ ಮೇಲಿನದ್ದು ಇಪ್ಪತ್ತೆರಡು ನಿಮಿಷ. ಮೊದಲ ಎಂಟು ನಿಮಿಷ ನಾನು ಬಯಸಿದ್ದೇ: ದೀಪ, ಹಬೆ, ಒಂದು ಇರುವೆ ಸಾಲು. ಒಂಬತ್ತನೆಯದರಲ್ಲಿ ಅಡುಗೆಮನೆ ಕಡೆಯ ಬಾಗಿಲು ಒಂದು ಗೇಣು ತೆರೆಯಿತು. ಅಕ್ಕ ಒಳಗೆ ಬಂದರು. ಕೈಯಲ್ಲಿ ಅಂಗೈಯಗಲದ ಬಾಳೆಎಲೆಯ ಕೀತು, ಅದರಲ್ಲಿ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ. ಏಳು ಎಲೆಗಳ ಸಾಲಿನಲ್ಲಿ ಅದನ್ನು ಇಡಲಿಲ್ಲ. ಬಾಗಿಲ ಹಿಂದೆ, ಅಕ್ಕಿ ಡಬ್ಬಿಯ ಮರೆಯಲ್ಲಿ ಇಟ್ಟು, ಎದುರು ಮೊಣಕಾಲು ಮಡಚಿ ಕುಳಿತರು. ತುಟಿ ಅಲ್ಲಾಡುತ್ತಿತ್ತು. ಮಳೆಯ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ.

ನಾನು ಧ್ವನಿಯನ್ನು ಮಾತ್ರ ಬೇರೆ ಮಾಡಿ ಸೌಂಡಿನವಳಿಗೆ ಕೊಟ್ಟೆ. ಎಲ್ಲಿಯದು ಎಂದು ಹೇಳಲಿಲ್ಲ. ಅವಳು ಅರ್ಧ ದಿನ ಕೂತು ಮಳೆಯನ್ನು ಪದರ ಪದರವಾಗಿ ಸುಲಿದು ತೆಗೆದಳು. ಒಂದೊಂದು ಸಲ ತೆಗೆದ ಹಾಗೆಲ್ಲ ಒಂದೊಂದು ಮಾತು ಮೇಲೆ ಬಂತು. ಕೊನೆಗೆ ಇಯರ್‌ಫೋನು ಕಿವಿಯಿಂದ ಕಳಚಿ ಮೇಜಿನ ಮೇಲಿಟ್ಟು ನನ್ನನ್ನು ಕರೆದಳು.

“ಬಾ, ಬಾ. ಬಿಸಿ ಉಂಟು,” ಎನ್ನುತ್ತಿದ್ದರು ಅಕ್ಕ. “ಕೋಳಿಯ ಕಾಲು ನಿನಗೇ ಅಂತ ಎತ್ತಿಟ್ಟೆ. ಬೇಗ ಉಣ್ಣು, ಈಗ ನಿನ್ನಣ್ಣ ಬಾಗಿಲು ತಟ್ತಾರೆ.” ಆಮೇಲೆ ಮನೆಯ ಸುದ್ದಿ: ಯಾರ ಮಗಳಿಗೆ ಮದುವೆಯಾಯಿತು, ಹಿಂದಿನ ಬಾವಿಗೆ ಪಂಪು ಬಂತು, ಮೊಣಗಂಟು ನೋವು. ಹೊರಗೆ ಕೆಮ್ಮು ಕೇಳಿದ್ದೇ ಕೀತನ್ನು ಮಡಚಿ, ಸೆರಗಿನೊಳಗೆ ಹಿಡಿದು ಎದ್ದು ಹೋದರು.

ಅಕ್ಕ ಕರೆದದ್ದು ಯಾರನ್ನು ಎಂದು ಮಾಲಕರಿಗೆ ಗೊತ್ತಿತ್ತು. ಮಾಷ್ಟ್ರ ತಂಗಿ. ಅಕ್ಕ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಅವರ ಪ್ರಾಯದವಳು ಅವಳೊಬ್ಬಳೇ. ಮನೆಗೆ ಒಪ್ಪಿಗೆಯಿಲ್ಲದವನನ್ನು ಕಟ್ಟಿಕೊಂಡು ಗುಂಡ್ಯದ ಆಚೆ, ಘಾಟಿ ಹತ್ತಿ ಹೋದಳು. ಮೂರನೇ ವರ್ಷ ಜ್ವರ ಬಂದು ಅಲ್ಲೇ ತೀರಿಕೊಂಡಳು. ಮನೆ ಬಿಟ್ಟು ಹೋದವಳಿಗೆ ಈ ಮನೆಯಲ್ಲಿ ಎಲೆ ಇಲ್ಲ ಎಂದು ಮಾಷ್ಟ್ರು ಆವತ್ತೇ ಹೇಳಿದ್ದರು. ಹೆಸರು ನೆನಪಿಲ್ಲದವರಿಗೂ ಎಲೆ ಇರುವ ಮನೆಯಲ್ಲಿ ಹೆಸರು ನೆನಪಿರುವ ಇವಳಿಗೆ ಇಲ್ಲ.

ನಾಚಿಕೆಯಾಗಬೇಕಾದದ್ದು ಆಗ. ನನಗಾದದ್ದು ರೋಮಾಂಚನ. ಇದೇ ಚಿತ್ರ, ಉಳಿದದ್ದೆಲ್ಲ ಇದಕ್ಕೆ ಪೀಠಿಕೆ ಎಂದು ಕೋಣೆಯಲ್ಲಿ ಓಡಾಡಿದೆ. ಸೌಂಡಿನವಳು ಒಪ್ಪಲಿಲ್ಲ. ಇದು ಅಕ್ಕ ನಮಗೆ ಕೊಟ್ಟದ್ದಲ್ಲ, ನಾವು ಕದ್ದದ್ದು; ನನ್ನ ಕೈಯಲ್ಲೂ ಹೇಳದೆ ಕದಿಸಿದ್ದು ಎಂದಳು. ನಾನು ಮೂರು ಅಂಶ ಮುಂದಿಟ್ಟೆ. ಒಂದು, ಸಹಿಯಾದ ಪತ್ರದಲ್ಲಿ ಆ ಮನೆಯಲ್ಲಿ ತೆಗೆದ ಎಲ್ಲ ದೃಶ್ಯಗಳೂ ಎಂದಿದೆ. ಎರಡು, ಹೆಸರು ಬರುವುದಿಲ್ಲ, ಮುಖವನ್ನು ಕತ್ತಲೆ ಮಾಡಿ ಕೈಗಳನ್ನು ಮಾತ್ರ ಉಳಿಸುತ್ತೇವೆ. ಮೂರು, ಇದು ಹೋಗುವುದು ಭೂಮಿಯ ಆಚೆ ಬದಿಯ ಒಂದು ಪೇಟೆಗೆ. ಇಚಿಲಂಪಾಡಿಯ ಯಾರು ಅಲ್ಲಿ ಹೋಗಿ ನೋಡುತ್ತಾರೆ?

“ಅಕ್ಕನ ಸಹಿ ಎಲ್ಲುಂಟು?” ಎಂದು ಕೇಳಿದಳು ಅವಳು.

“ಯಜಮಾನರ ಸಹಿ ಮನೆಯವರೆಲ್ಲರ ಪರವಾಗಿ.”

ಹೆಣ್ಣಿಗೆ ತನ್ನದೇ ದನಿ ಬೇಕು ಎಂಬ ವಿಷಯದ ಮೇಲೆ ಪರವಾಗಿ ಮಾತಾಡಿ ನಾನು ಗೆದ್ದ ಸ್ಪರ್ಧೆಗಳೆಷ್ಟೋ. ಆ ಉತ್ತರ ಬಾಯಿಂದ ಹೊರಬಿದ್ದಾಗ ಅದು ನೆನಪಾಗಲಿಲ್ಲ. ಸಂಕಲನ ಬೇಕಾದರೆ ನೀನೇ ಮಾಡು ಎಂದು ಅವಳು ಎದ್ದು ಹೋದಳು. ಅದನ್ನು ನಾನು ಗೆಲುವು ಎಂದು ಲೆಕ್ಕ ಹಿಡಿದೆ. ಮಾಲಕರು ಎರಡು ದಿನ ತಲೆ ಕೆರೆದುಕೊಂಡರು. ಆಮೇಲೆ, “ದೂರ ದೇಶ ಅಲ್ವಾ, ಹೋಗ್ಲಿ ಬಿಡು,” ಎಂದರು. ಕ್ಯಾಮೆರಾ ತೆಗೆದೆ ಎಂದುಕೊಂಡಿದ್ದೆ, ಮರೆತು ಉಳಿಯಿತು ಎಂದೇ ನಾನು ಅವರಿಗೂ ಹೇಳಿದ್ದೆ. ಸಂಕಲನ ನಾನೇ ಮಾಡಿ ಕಳಿಸಿದೆ.

ನವೆಂಬರಿನ ಮೊದಲ ವಾರ ಮೆಕ್ಸಿಕೋದಿಂದ ದೀರ್ಘ ಪತ್ರ ಬಂತು. ಚಿತ್ರ ಮುಗಿದಾಗ ಸಭಾಂಗಣದಲ್ಲಿ ಯಾರೂ ಎದ್ದಿಲ್ಲವಂತೆ. ಮರುದಿನ ಊರಿನ ಹೆಂಗಸರೇ ಸೇರಿ ಪೇಟೆ ಚೌಕದಲ್ಲಿ ಸತ್ತವರಿಗಾಗಿ ಮಾಡಿದ ದೊಡ್ಡ ಅಲಂಕಾರದ ಪಕ್ಕ ಒಂದು ಬಾಳೆಎಲೆ ಹಾಸಿ, ಸುತ್ತ ಗೊಂಡೆ ಹೂವಿಟ್ಟು, ಅದರ ಮೇಲೆ ರೊಟ್ಟಿ, ಕೋಳಿಯ ಕಾಲು, ಒಂದು ಖಾಲಿ ಫೋಟೋ ಚೌಕಟ್ಟು ಇಟ್ಟಿದ್ದರು. ಅವಳ ಹೆಸರೇನು, ಚೌಕಟ್ಟಿನಲ್ಲಿ ಬರೆಯಬೇಕು ಎಂದು ಕೇಳಿದ್ದರು. ಆ ಫೋಟೋವನ್ನೂ ಚಿತ್ರದ ಎರಡು ನಿಮಿಷದ ತುಣುಕನ್ನೂ ತಮ್ಮ ಪುಟದಲ್ಲಿ ಹಾಕಿ, ಪ್ರೀತಿಯಿಂದ, ನಮ್ಮ ಸ್ಟುಡಿಯೋದ ಹೆಸರನ್ನೂ ಇಚಿಲಂಪಾಡಿ ಇರುವ ಕಡಬ ತಾಲೂಕಿನ ಹೆಸರನ್ನೂ ಸೇರಿಸಿದ್ದರು. ಹೆಸರು ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಆ ಇಪ್ಪತ್ತೆರಡು ನಿಮಿಷಗಳ ಜತೆ ಕೂತವನು ಅದನ್ನು ಯಾರನ್ನೂ ಕೇಳಿರಲಿಲ್ಲ.

ಭೂಮಿಯ ಆಚೆ ಬದಿಯಿಂದ ಇಚಿಲಂಪಾಡಿಗೆ ಬರಲು ಅದಕ್ಕೆ ಮೂರು ದಿನ ಸಾಕಾಯಿತು. ಕಡಬ ಎಂಬ ಹೆಸರು ಕಂಡು ಗಲ್ಫಿನಲ್ಲಿರುವ ಯಾರೋ ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ಮುಖ ಕತ್ತಲೆಯಲ್ಲಿತ್ತು, ನಿಜ. ಆದರೆ ಎಡಗೈಯ ಸುಟ್ಟ ಕಲೆ, ಹಸಿರು ಬಳೆ, ಆ ಅಕ್ಕಿ ಡಬ್ಬಿ, ಆ ಬಾಗಿಲು. ದಾಯಾದಿಗಳಿಗೆ ಮುಖ ಏಕೆ ಬೇಕು?

ಮಾಷ್ಟ್ರು ಬೆಳಗಿನ ಬಸ್ಸಿಗೆ ಸ್ಟುಡಿಯೋಕ್ಕೆ ಬಂದರು. ಒಬ್ಬರೇ. ಮಾಲಕರು ಕುರ್ಚಿ ಎಳೆದು ಕೊಟ್ಟು, ಅವರು ಕೂರುವ ಮೊದಲೇ ಶುರು ಮಾಡಿದರು: ತಪ್ಪಾಯಿತು ಮಾಷ್ಟ್ರೇ, ಆ ಗಡಿಬಿಡಿಯಲ್ಲಿ ಸಣ್ಣ ಕ್ಯಾಮೆರಾ ಮರೆತು ಉಳಿದುಬಿಟ್ಟಿತು. ಮಾಷ್ಟ್ರು ಕೇಳಿಸಿಕೊಂಡರು. ಬೈಯುತ್ತಾರೆಂದು ನಾನು ಕಾದಿದ್ದೆ. ಬೈದಿದ್ದರೆ ಎದುರುತ್ತರ ಹುಡುಕುತ್ತಿದ್ದೆನೋ ಏನೋ.

“ಬಿಟ್ಟದ್ದು ಮರೆತು, ಆಯ್ತು,” ಎಂದರು. “ಊರಿಗೆಲ್ಲ ತೋರಿಸಿದ್ದು ಎಂತ ಮರೆತು?”

ಮಾಲಕರು ನನ್ನನ್ನು ನೋಡಿದರು. ನಾನು ಪರದೆಯನ್ನು ನೋಡಿದೆ. ಆಗಲೂ, ನಾನು ಟೇಪು ಅಂಟಿಸಿದ್ದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮರೆವು ಎಂಬ ಸುಳ್ಳು ಅಷ್ಟು ಹೊತ್ತಿಗೆ ಎಲ್ಲರಿಗೂ ಕೂರಲಿಕ್ಕೆ ಒಂದೊಂದು ಜಾಗ ಮಾಡಿಕೊಟ್ಟಿತ್ತು; ಅದನ್ನು ಎಳೆದರೆ ಮೊದಲು ಬೀಳುವವನು ನಾನು.

ಆವತ್ತೇ ಮೆಕ್ಸಿಕೋಕ್ಕೆ ಬರೆದೆವು. ಅವರು ಗಂಟೆಯೊಳಗೆ ಎಲ್ಲವನ್ನೂ ತೆಗೆದರು, ನಮಗಿಂತ ಹೆಚ್ಚು ನೊಂದುಕೊಂಡು ಉತ್ತರಿಸಿದರು. ಸಂಯೋಜಕಿ ಮತ್ತೆ ಒಂದೇ ಪ್ರಶ್ನೆ ಕೇಳಿದ್ದರು: ತನ್ನನ್ನು ಚಿತ್ರೀಕರಿಸುತ್ತಿದ್ದಾರೆಂದು ಆ ಹೆಂಗಸಿಗೆ ಗೊತ್ತಿರಲಿಲ್ಲವೇ? ಮರೆತು ಉಳಿದ ಕ್ಯಾಮೆರಾ ಎಂದು ನಾನು ನಯವಾದ ಮೂರು ವಾಕ್ಯ ಬರೆದೆ. ಅವರಲ್ಲಿ ತೆರೆದ ಬಾಗಿಲನ್ನು ಆ ಮನೆಯವರೇ ತೆರೆದಿರುತ್ತಾರೆ ಎಂಬಷ್ಟು ಸರಳ ವ್ಯತ್ಯಾಸ ನನಗೆ ಹೊಳೆದದ್ದು ಆ ಸುಳ್ಳನ್ನು ಇಂಗ್ಲಿಷಿನಲ್ಲಿ ತಿದ್ದುತ್ತ ಕುಳಿತಾಗ.

ಆ ವರ್ಷ ದೀಪಾವಳಿ ಇದಾದ ಮೇಲೆ ಬಂತು. ಆ ಮನೆಯಲ್ಲಿ ಬಳಸಿದ ಸುದ್ದಿಯನ್ನು ಹೇಳಿದ್ದು ಸೌಂಡಿನವಳು. ಅವಳು ಅಕ್ಕನಿಗೆ ಆಗಾಗ ಫೋನು ಮಾಡುತ್ತಿದ್ದಳಂತೆ, ನಮ್ಮ ಪೈಕಿ ಅವಳೊಬ್ಬಳೇ. ಮಾಷ್ಟ್ರು ಹೆಂಡತಿಯನ್ನು ಬೈದಿಲ್ಲ, ಹೊಡೆದಿಲ್ಲ. ಏಳು ಎಲೆಗೆ ಬಡಿಸಿ ಆದ ಮೇಲೆ ಅಡುಗೆಮನೆ ಕಡೆಯ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿ, ಅಕ್ಕನನ್ನು ಕರೆದು ಜಗಲಿಯಲ್ಲಿ ಎಲ್ಲರ ಎದುರು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ತಟ್ಟಿ ಬಾಗಿಲು ತೆರೆಯುವವರೆಗೂ ಕೂರಿಸಿಕೊಂಡರು. ಇನ್ನು ಮುಂದೆ ಹಾಗೆಯೇ ಎಂದರಂತೆ.

ಸುದ್ದಿ ಕೇಳಿದ ಮರುದಿನ ನಾನು ಇಚಿಲಂಪಾಡಿಗೆ ಹೋದೆ. ಹೋಗಬೇಡ, ಗಾಯ ಕೆದಕಬೇಡ ಎಂದು ಮಾಲಕರು ಹೇಳಿದರು. ಅದರಲ್ಲಿ ಅರ್ಥವಿತ್ತು; ತಪ್ಪು ಒಪ್ಪಿಕೊಂಡು ಹಗುರಾಗುವುದು ನನ್ನ ಲಾಭ, ಅಕ್ಕನದ್ದಲ್ಲ. ಆದರೂ ಹೋದೆ. ಬಸ್ಸಿನಲ್ಲಿ ಕ್ಷಮೆ ಕೇಳುವ ಮಾತನ್ನು ಜೋಡಿಸಿಕೊಂಡೆ. ನೋಡಿದರೆ ಅದರಲ್ಲೂ ಮೂರು ಅಂಶಗಳಿದ್ದವು.

ಮಾಷ್ಟ್ರು ಕಡಬಕ್ಕೆ ಹೋಗಿದ್ದರು. ಅಕ್ಕ ಮನೆಯ ಹಿಂದೆ ಮೆಷಿನಿನಲ್ಲಿ ರಬ್ಬರ್ ಶೀಟು ಒತ್ತುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ, ಹೋಗು ಎನ್ನಲೂ ಇಲ್ಲ. ಎಷ್ಟು ಹೊತ್ತಿಗೆ ಬಸ್ಸು ಸಿಕ್ಕಿತು ಎಂದು ಕೇಳಿದರು. ನಾನು ನಿಂತೇ ಹೇಳಿದೆ: ಕ್ಯಾಮೆರಾ ಮರೆತದ್ದಲ್ಲ, ಬೇಕೆಂದೇ ಇಟ್ಟದ್ದು, ದೀಪ ಕಾಣದ ಹಾಗೆ ಟೇಪು ಹಾಕಿದ್ದೆ, ತೆಗೆದೆ ಎಂದು ಸುಳ್ಳು ಹೇಳಿದ್ದೆ. ಅಷ್ಟರಲ್ಲಿ ನನ್ನ ಮೂರು ಅಂಶ ಮುಗಿದುಹೋಗಿತ್ತು. ಒಂದೂ ಕೆಲಸಕ್ಕೆ ಬಂದಿರಲಿಲ್ಲ.

“ಟೇಪು ಹಾಕಿದ್ದಾ?” ಎಂದರು.

“ಹೌದು ಅಕ್ಕ.”

ಒಂದು ಶೀಟನ್ನು ಮೆಷಿನಿನ ಈ ಬದಿಯಿಂದ ಆ ಬದಿಗೆ ದಾಟಿಸಿದರು. “ನಾನು ಮರೆತದ್ದೇ ಅಂತ ನಂಬಿದ್ದೆ. ಮರೆತವರ ಹತ್ರ ಸಿಟ್ಟು ಮಾಡುದು ಹೇಗೆ ಅಂತ ಸುಮ್ಮನೆ ಕೂತಿದ್ದೆ, ಇಷ್ಟು ದಿನ.”

ಅವರು ಶೀಟನ್ನು ಎತ್ತಿ ಬಿದಿರಿನ ಮೇಲೆ ಹರಡಿ, ಅಂಚು ಸರಿಮಾಡಿದರು.

“ಇಪ್ಪತ್ತೇಳು ವರ್ಷ. ನನ್ನ ಬಾಣಂತನದಲ್ಲಿ ಒಂದು ಸಲ ತಪ್ಪಿದ್ದು, ಅಷ್ಟೇ. ಈ ಸಲ ದೀಪಾವಳಿಗೆ ಆ ಕುರ್ಚಿಯಲ್ಲಿ ಕೂತಿದ್ದಾಗ ಕೈಯಲ್ಲಿ ಎಂತ ಮಾಡುದು ಅಂತ ಗೊತ್ತಾಗ್ಲಿಲ್ಲ. ಅಗುಳಿ ಹಾಕಿದ ಮೇಲೆ ಅವಳು ಬಂದು ನಿಂತಿರ್ತಾಳೆ ಅಂತ ಕಾಣ್ತಿತ್ತು.” ಅವರು ಕೈ ತೊಳೆದುಕೊಂಡರು. “ನಿಮಗೆ ಇದೆಲ್ಲ ನಂಬಿಕೆ ಇಲ್ಲ ಅಂತ ಇವರು ಹೇಳ್ತಿದ್ರು.”

ನನಗೆ ಈಗಲೂ ಇಲ್ಲ. ಸತ್ತವರು ಬರುವುದಿಲ್ಲ ಎಂದು ಇವತ್ತು ಯಾವ ವೇದಿಕೆಯಲ್ಲಿ ಬೇಕಾದರೂ ವಾದಿಸಿಯೇನು. ಆದರೆ ಆ ಬಿಸಿಲಿನಲ್ಲಿ, ಸಾಲಾಗಿ ತೂಗುವ ಬಿಳಿ ಶೀಟುಗಳ ನಡುವೆ ನಿಂತು ನಾನು ಕೇಳಿದ್ದು ಇದನ್ನು:

“ಅಕ್ಕ, ಹಾಗಾದ್ರೆ ಆ ದಿನ ಅವಳು ಎಲ್ಲಿ ಉಂಡದ್ದು?”